ಅಲ್ಲಾಡಬೇಕಾದದ್ದನ್ನು ಗಟ್ಟಿ ಮಾಡಿಸಿದವರಿಗೆ

ಮಾನ್ಯ ಆಸ್ಪತ್ರೆ ಕಟ್ಟಡಗಳ ನಿರ್ವಹಣಾಧಿಕಾರಿಗಳೇ,

ನಮ್ಮ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ನೀರು ಶುದ್ಧಮಾಡಿ ಕೊಡುವ ಯಂತ್ರದ ಕೆಳಗೆ ನೀವು ಹೊಡೆಸಿರುವ ಕಬ್ಬಿಣದ ಬೆಣೆಗಳನ್ನು ದಯವಿಟ್ಟು ಕೀಳಿಸಿ. ವಿಷಯ ಇಷ್ಟೇ. ನಿಮ್ಮ ಕಚೇರಿಯಲ್ಲಿ ಇದನ್ನು ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ಕಳೆದ ಭೂಕಂಪ ನಿಮಗೆ ಮರೆತಿರಬಹುದು. ನನಗೆ ಆ ಸೌಲಭ್ಯವಿಲ್ಲ. ಆಸ್ಪತ್ರೆಯ ಗೋಡೆಗಳಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲವೆಂದು ಅಂದು ನಿಮ್ಮ ಇಲಾಖೆ ಬೆನ್ನು ತಟ್ಟಿಕೊಂಡಿತು. ನಿಜ, ಗೋಡೆಗಳು ಕ್ಷೇಮವಾಗಿದ್ದವು. ಒಳಗೆ ಈ ಯಂತ್ರ ಮಗುಚಿ ಬಿದ್ದು ಇಡೀ ವಾರ್ಡಿನ ಚಿಕಿತ್ಸೆ ನಿಂತಿತ್ತು. ರೋಗಿಗಳನ್ನು ದೂರದ ಊರಿಗೆ ಸಾಗಿಸಿದರು. ಅವರಲ್ಲಿ ನನ್ನ ತಂಗಿ ಬದುಕಿ ಬಂದಳು. ಅವಳ ಪಕ್ಕದ ಹಾಸಿಗೆಯ ದರ್ಜಿ ದಾರಿಯಲ್ಲೇ ತೀರಿಕೊಂಡರು. ಅವರಿಗೆ ಗೋಡೆಗಳ ಕ್ಷೇಮಸಮಾಚಾರ ಮುಟ್ಟಿಸಲು ಯಾರಿಗೂ ಪುರುಸೊತ್ತಾಗಲಿಲ್ಲ.

ಆಮೇಲೆ ಇಲಾಖೆಗೆ ಬುದ್ಧಿ ಬಂತು. ಯಂತ್ರದಡಿ ಡ್ಯಾಂಪರ್ ಪೀಠ ಹಾಕಿಸಿದಿರಿ: ಸ್ಪ್ರಿಂಗುಗಳು, ಎಣ್ಣೆ ತುಂಬಿದ ಕೊಳವೆಗಳು. ನೆಲ ಅದುರಿದರೆ ಪೀಠ ತಾನು ಓಲಾಡಿ ಆ ಹೊಡೆತವನ್ನು ನುಂಗಿಕೊಳ್ಳುತ್ತದೆ, ಯಂತ್ರ ಉಳಿಯುತ್ತದೆ. ಅಷ್ಟಕ್ಕೇ ಬಿಟ್ಟಿದ್ದರೆ ಇಂದು ನಿಮ್ಮನ್ನು ಹೊಗಳಿ ಬರೆಯುತ್ತಿದ್ದೆ.

ಆದರೆ ತಾವು ತಪಾಸಣೆಗೆ ಬಂದಿರಿ. ತಂಗಿಯ ಪಕ್ಕದಲ್ಲಿ ಕುಳಿತಿದ್ದ ನನಗೆ ಯಂತ್ರದ ಕೋಣೆ ಎದುರಿಗೇ ಕಾಣುತ್ತಿತ್ತು. ತಾವು ಯಂತ್ರಕ್ಕೆ ಕೈಯಿಟ್ಟು ನೂಕಿದಿರಿ.

"ಏನ್ರೀ ಇದು, ಅಲ್ಲಾಡ್ತಿದೆ?"

"ಅದು ಅಲ್ಲಾಡ್ಲೇಬೇಕು ಸಾರ್," ಎಂದರು ಹಿರಿಯ ನರ್ಸ್.

"ಅಲ್ಲಾಡೋ ಸಾಮಾನಿಗೆಲ್ಲ ನಾನು ಸಹಿ ಹಾಕಲ್ಲಮ್ಮ. ಗಟ್ಟಿ ಮಾಡ್ಸಿ."

ಮಾಡಿಸಿದರು. ಪೀಠ ಅಲುಗದಂತೆ ಸುತ್ತಲೂ ಬೆಣೆ, ಮೇಲೆ ಅಚ್ಚುಕಟ್ಟಾಗಿ ಬೂದು ಬಣ್ಣ. ತಂಗಿ ಮಲಗಿದಲ್ಲೇ ನಕ್ಕಳು: "ಅಣ್ಣಾ, ಈ ಸಾಹೇಬ್ರ ಕೈಗೆ ನನ್ನ ನಾಡಿ ಮಾತ್ರ ಕೊಡ್ಬೇಡ. ಮಿಡೀತಿದೆ ಅಂತ ಅದನ್ನೂ ನಿಲ್ಲಿಸ್ಬಿಟ್ಟಾರು!"

ಕೇಳಿದಾಗಲೆಲ್ಲ ನಿಮ್ಮ ಕಚೇರಿಯ ಉತ್ತರ ಒಂದೇ: "ಡ್ಯಾಂಪರ್ ಹಾಕ್ಸಿದೀವಲ್ರೀ." ಹೆಲ್ಮೆಟ್ಟನ್ನು ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಹೋಗುವವನ ಬಳಿಯೂ ಹೆಲ್ಮೆಟ್ ಇರುತ್ತದೆ, ಸ್ವಾಮಿ. ಓಲಾಡದ ಡ್ಯಾಂಪರು ಯಾರನ್ನು ಕಾಯುತ್ತದೆ? ನಿಮ್ಮ ಸಹಿಯನ್ನೇ?

ಮೊನ್ನೆ ನೆಲ ಮತ್ತೆ ಸಣ್ಣಗೆ ನಡುಗಿತು. ವಾರ್ಡಿನಲ್ಲಿ ಒಬ್ಬರೂ ಚಾವಣಿ ನೋಡಲಿಲ್ಲ. ತೋಳಿಗೆ ಕೊಳವೆ ಚುಚ್ಚಿಸಿಕೊಂಡಿದ್ದವರೆಲ್ಲ ಯಂತ್ರದ ಕೋಣೆಯತ್ತ ಕತ್ತು ತಿರುಗಿಸಿದರು. ತಂಗಿ ನನ್ನ ಬೆರಳು ಹಿಡಿದಳು. ಆ ಸಲ ಅವಳು ನಗಲಿಲ್ಲ.

ಹೊಸ ಯಂತ್ರ ಕೇಳುತ್ತಿಲ್ಲ, ಸಮಿತಿ ಬೇಡ, ಸಭೆ ಬೇಡ. ಒಂದು ಸುತ್ತಿಗೆ ಕಳಿಸಿ, ಬೆಣೆ ಕೀಳಿಸಿ. ಆಮೇಲೆ ಬಂದು ನೂಕಿ ನೋಡಿ. ಅಲ್ಲಾಡಿದರೆ ಸಹಿ ಹಾಕಿ.

ಇಂತಿ,
ಅಲ್ಲಿಯವರೆಗೆ ಆ ಕೋಣೆಯ ಬಾಗಿಲ ಮೇಲೆ ಕಣ್ಣಿಟ್ಟು ಕುಳಿತಿರುವ
ಒಬ್ಬ ದಣಿದ ಅಣ್ಣ