ಅಕ್ಕನ ಫೋಟೋ ಕೆಳಗಿನ ಮೇಣದಬತ್ತಿ

ಮಾರ್ಚ್ ೨೩, ಭಾನುವಾರ

ಪ್ರೀತಿಯ ಅಕ್ಕನಿಗೆ,

ನಿನ್ನ ಮೆಣಸಿನಕಾಯಿಯ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಬರೆಯುವುದು ತಡವಾಯಿತು, ಕ್ಷಮಿಸು. ಶಾಲೆಯ ಎಪ್ಪತ್ತೈದನೆಯ ವರ್ಷದ ಸಮಾರಂಭದ ಕೆಲಸ ತಲೆಯ ಮೇಲಿತ್ತು ಎಂದರೆ ನೀನು ನಂಬುತ್ತೀಯ. ಆದರೆ ಸಮಾರಂಭ ಮುಗಿದೇ ವಾರವಾಯಿತು. ನಿಜ ಹೇಳಬೇಕೆಂದರೆ ನಿನ್ನ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಸಿಟ್ಟು ಎನ್ನುವುದು ಮರ್ಯಾದೆಯ ಮಾತು, ನೀನು ಹೊಟ್ಟೆಕಿಚ್ಚು ಎಂದೇ ಓದಿಕೊ. ಈ ಮೆಣಸಿನಕಾಯಿಯನ್ನು ಬೆಳೆಸಿದವಳು ನೀನೇ, ಖಾರವಾಯಿತು ಎಂದು ಯಾರ ಹತ್ತಿರವೂ ದೂರುವ ಹಾಗಿಲ್ಲ.

ಮೊದಲು ಶಾಲೆಯ ಸುದ್ದಿ. ನೀನು ವರ್ಗವಾಗಿ ಹೋದ ಮೇಲೆ ಬಂದ ಹೆಡ್ ಸಿಸ್ಟರ್ ಒಳ್ಳೆಯವರು. ನಿನ್ನ ಕೋಣೆಯ ಪರದೆ ಬದಲಾಯಿಸಿದ್ದು ಬಿಟ್ಟರೆ ಬೇರೇನನ್ನೂ ಮುಟ್ಟಿಲ್ಲ. ಮಂಗಳವಾರದ ಜೋಡಿ ಓದು ನಡೆಯುತ್ತಿದೆ, ಐದನೆಯ ತರಗತಿಯವರು ಒಂದನೆಯ ತರಗತಿಯವರನ್ನು ಪಕ್ಕಕ್ಕೆ ಕೂರಿಸಿಕೊಂಡು ದೊಡ್ಡವರ ಗತ್ತಿನಲ್ಲಿ ಕಥೆ ಓದುತ್ತಾರೆ. ಬುಧವಾರದ ಪೂಜೆಗೆ ಈಗಲೂ ಮಕ್ಕಳೇ ಹಾಡುವುದು, ಆ ಶ್ರುತಿ ದೇವರಿಗೇ ಪ್ರೀತಿ. ತಪಸ್ಸುಕಾಲದಲ್ಲಿ ಪ್ರತಿ ಮಗುವೂ ತನಗೆ ತುಂಬ ಇಷ್ಟವಾದ ಒಂದು ವಸ್ತುವನ್ನು ಆಸ್ಪತ್ರೆಯ ಮಕ್ಕಳಿಗೆ ಕೊಡುವ ಪದ್ಧತಿಯಿದೆಯಲ್ಲ, ಈ ಸಲ ನನ್ನ ಎರಡನೆಯ ತರಗತಿಯ ಹುಡುಗಿಯೊಬ್ಬಳು ತನ್ನ ತಮ್ಮನನ್ನೇ ಕೈಹಿಡಿದು ಕರೆತಂದಿದ್ದಳು. ‘ಇಷ್ಟವಾದದ್ದನ್ನ ಮಾತ್ರ ಕೊಡಬೇಕು ಕಣೇ’ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ಅವನನ್ನು ವಾಪಸ್ ಕರೆದುಕೊಂಡು ಹೋದಳು.

ಸಮಾರಂಭದಲ್ಲಿ ಶಾಲೆಯ ಚರಿತ್ರೆಯನ್ನು ಮಕ್ಕಳು ನಾಟಕವಾಗಿ ಆಡಿದರು. ಹಗ್ಗದ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಮೂವರು ಸಿಸ್ಟರ್‌ಗಳು ಶಾಲೆ ತೆರೆದದ್ದು, ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹಾಡುಹಗಲೇ ಮೇಣದಬತ್ತಿ ಹಚ್ಚಿ ಅಕ್ಷರ ಕಲಿಸಿದ್ದು, ಮೊದಲ ತಂಡದ ಮಕ್ಕಳು ಶಾಲೆ ಬಿಡುವಾಗ ಕೊಡಲು ಬಹುಮಾನವಿಲ್ಲದೆ ಒಂದೊಂದು ಬತ್ತಿಯನ್ನೇ ಕೈಗಿತ್ತು, ‘ನಿಮ್ಮನ್ನ ಕೈಹಿಡಿದು ನಡೆಸಿದವರು ಯಾರೋ ಅವರಿಗೆ ಕೊಟ್ಟು ಹೋಗಿ’ ಎಂದದ್ದು, ಎಲ್ಲ ಇತ್ತು. ನಮ್ಮ ಮನೆಯವರು ಮೈಕಿನ ವೈರು ಹಿಡಿದುಕೊಂಡು ನಾಟಕದುದ್ದಕ್ಕೂ ವೇದಿಕೆಯ ಕೆಳಗೆ ಬಗ್ಗಿ ಕೂತಿದ್ದರು. ವೈರು ಬಿಟ್ಟರೆ ಮೂವರು ಸಿಸ್ಟರ್‌ಗಳೂ ಮೂಕರಾಗುತ್ತಿದ್ದರು.

ನಾಟಕವಾದ ಮೇಲೆ ಬತ್ತಿ ಕೊಡುವ ಕಾರ್ಯಕ್ರಮ. ಅದು ನಿನಗೆ ಗೊತ್ತಿರುವುದೇ. ಯಾರಿಗೆ ಕೊಡುತ್ತೇನೆಂದು ಶಾಲೆ ಬಿಡುವ ಐದನೆಯ ತರಗತಿಯ ಮಕ್ಕಳು ಮೊದಲೇ ಬಾಯಿ ಬಿಡುವಂತಿಲ್ಲ, ನಾವು ಕೇಳುವಂತಿಲ್ಲ. ನಾವೆಲ್ಲ ಅರ್ಧಚಂದ್ರಾಕಾರದಲ್ಲಿ ಕುರ್ಚಿ ಹಾಕಿಕೊಂಡು, ಏನೂ ಬೇಡದವರ ಮುಖ ಮಾಡಿಕೊಂಡು ಕೂತಿರುತ್ತೇವೆ. ಡ್ರಿಲ್ ಮಾಸ್ತರು ಚಾವಣಿ ನೋಡುತ್ತಾರೆ. ಪ್ರತಿ ವರ್ಷದಂತೆ ಈ ಸಲವೂ ಅಡುಗೆಯಮ್ಮನ ಮುಂದೆಯೇ ಸಾಲು. ಅವರು ಎರಡನೆಯ ಸಲ ಬಡಿಸುವವರು, ನಾವು ಎರಡನೆಯ ಸಲ ಕಾಪಿ ಬರೆಸುವವರು. ನಮಗೆ ಯಾರು ಕೊಡುತ್ತಾರೆ ಹೇಳು.

ಆದರೆ ಈ ವರ್ಷ ನನಗೆ ಒಂದು ಖಾತ್ರಿ ಇತ್ತು. ನಮ್ಮ ಗಿಣಿ ಈ ವರ್ಷ ಐದನೆಯ ತರಗತಿ ಮುಗಿಸುತ್ತಿದ್ದಾಳೆ. ಹೆತ್ತವಳು ನಾನು, ಅದೇ ಶಾಲೆಯ ಟೀಚರೂ ನಾನು. ಎಲ್ಲಿಗೆ ಹೋದಾಳು ಎಂದುಕೊಂಡಿದ್ದೆ. ಹೊಸ ಸೀರೆ ಉಟ್ಟಿದ್ದೆ. ಬತ್ತಿ ತೆಗೆದುಕೊಳ್ಳುವಾಗ ಮೇಣ ಬೀಳಬಾರದೆಂದು ಸೆರಗನ್ನು ಬೇರೆ ಮೊದಲೇ ಸಿಕ್ಕಿಸಿಕೊಂಡಿದ್ದೆ.

ಗಿಣಿಯ ಸರದಿ ಬಂತು. ಬತ್ತಿ ಆರದಂತೆ ಅಂಗೈ ಮರೆ ಮಾಡಿಕೊಂಡು ನೆಟ್ಟಗೆ ನನ್ನ ಕಡೆಗೇ ಬಂದಳು. ನಾನು ಕುರ್ಚಿಯಿಂದ ಅರ್ಧ ಎದ್ದೆ, ಎರಡೂ ಕೈ ಚಾಚಿದೆ. ಅವಳು ನನ್ನ ಕುರ್ಚಿಯ ಪಕ್ಕದಿಂದ ಹಾದು ಹೋದಳು, ಅಕ್ಕ. ನನ್ನ ಹಿಂದಿನ ಗೋಡೆಯ ಮೇಲೆ ಇದುವರೆಗಿನ ಹೆಡ್ ಸಿಸ್ಟರ್‌ಗಳ ಫೋಟೋಗಳಿವೆ. ಕೆಳಗೆ ಹೂದಾನಿ ಇಡುವ ಹಲಗೆ. ನಿನ್ನ ಫೋಟೋದ ಕೆಳಗೆ ಬತ್ತಿ ಇಟ್ಟು, ಕೈ ಕಟ್ಟಿಕೊಂಡು ನಿಂತಳು. ನಾನು ಚಾಚಿದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಇಂಗು ತಿಂದ ಮಂಗನಂತೆ ಕೂತುಕೊಂಡೆ. ಡ್ರಿಲ್ ಮಾಸ್ತರು ಅದನ್ನು ನೋಡಿದರು. ಚಾವಣಿ ಬಿಟ್ಟು ಅವರು ಆ ದಿನ ನೋಡಿದ್ದು ಅದೊಂದನ್ನೇ.

ಹೆಡ್ ಸಿಸ್ಟರ್ ಗಾಬರಿಯಾಗಿ ಓಡಿ ಬಂದು, ‘ಬದುಕಿರೋರ ಫೋಟೋ ಮುಂದೆ ಹಾಗೆಲ್ಲ ಬತ್ತಿ ಇಡಬಾರದು ಪುಟ್ಟಾ’ ಎಂದು ಪಿಸುಗುಟ್ಟಿದರು. ‘ದೊಡ್ಡಮ್ಮ ಬರಲಿಲ್ವಲ್ಲ ಸಿಸ್ಟರ್, ಅದಕ್ಕೆ ನಾನೇ ಅವರ ಹತ್ರ ಹೋದೆ’ ಎಂದಳು ನಮ್ಮ ಗಿಣಿ. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಆ ಗೋಡೆಯಲ್ಲಿ ಉಳಿದವರೆಲ್ಲ ಸ್ವರ್ಗದಲ್ಲಿದ್ದಾರೆ, ನೀನೊಬ್ಬಳೇ ಬಸ್ಸು ಹತ್ತಿದರೆ ಸಿಗುವವಳು. ಪರೀಕ್ಷೆಯ ನೆಪ ಹೇಳದೆ ನೀನೇ ಬಂದಿದ್ದರೆ ನಿನ್ನ ಬತ್ತಿ ನೀನೇ ತೆಗೆದುಕೊಳ್ಳಬಹುದಿತ್ತು. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ, ಒಳಗೆ ಬೆಂಕಿ ಉರಿಯುತ್ತಿದ್ದರೂ.

ಮನೆಗೆ ಬಂದ ಮೇಲೆ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಟ್ಟೆ. ನಮ್ಮ ಮನೆಯವರು, ‘ಅವಳು ಮಾಡಿದ್ದೂ ಸರಿ, ನಿನಗೆ ಬೇಜಾರಾಗಿದ್ದೂ ಸರಿ’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟು ಪೇಪರು ಬಿಡಿಸಿದರು. ಗಿಣಿಯನ್ನು ಕರೆದು ಕೇಳಿಯೇ ಬಿಟ್ಟೆ. ‘ಯಾಕೆ ದೊಡ್ಡಮ್ಮನಿಗೆ?’ ಅವಳು ಹೆದರಲಿಲ್ಲ, ಯೋಚಿಸಿ ಹೇಳಿದಳು.

‘ಎರಡನೇ ಕ್ಲಾಸಲ್ಲಿ ನನಗೆ ಓದಕ್ಕೆ ಬರ್ತಿರಲಿಲ್ಲ ಅಲ್ವಾ ಅಮ್ಮ. ನೀನು ಎಲ್ಲರ ಮುಂದೆ ಮತ್ತೆ ಓದು, ಮತ್ತೆ ಓದು ಅಂತಿದ್ದೆ. ದೊಡ್ಡಮ್ಮ ಊಟದ ಹೊತ್ತಲ್ಲಿ ಆಫೀಸಿಗೆ ಕರ್ಕೊಂಡು ಹೋಗಿ ಬಾಗಿಲು ಹಾಕ್ಕೋತಿದ್ರು. ನಾನು ತಪ್ಪು ಓದಿದ್ರೆ ಅವರೂ ಬೇಕು ಅಂತ ತಪ್ಪು ಓದ್ತಿದ್ರು. ಇಬ್ರೂ ನಗ್ತಿದ್ವಿ. ಆಮೇಲೆ ಓದಕ್ಕೆ ಬಂತು.’

‘ನಾನು ಕಲಿಸಲಿಲ್ವೇನೇ?’

‘ನೀನು ಟೀಚರ್ ಆಗಿದ್ದೆ. ಅವರು ದೊಡ್ಡಮ್ಮ ಆಗಿದ್ರು.’

ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನಾಗಬಹುದಿತ್ತು. ಆದರೆ ಅಕ್ಕ, ನನ್ನನ್ನು ಟೀಚರ್ ಮಾಡಿದ್ದು ನಿನ್ನ ನಿಯಮ. ‘ಗೇಟಿನೊಳಗೆ ಯಾರೂ ಒಬ್ಬರ ಮಕ್ಕಳಲ್ಲ, ಎಲ್ಲರೂ ಎಲ್ಲರ ಮಕ್ಕಳು’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿದವಳು ನೀನು. ಟೀಚರುಗಳ ಮಕ್ಕಳು ಅಮ್ಮಂದಿರನ್ನು ಟೀಚರ್ ಎಂದೇ ಕರೆಯಬೇಕು, ಒಂದು ತೂಕ ಹೆಚ್ಚಿಲ್ಲ, ಒಂದು ತೂಕ ಕಡಿಮೆಯಿಲ್ಲ. ಗಿಣಿ ಅಂಗಳದಲ್ಲಿ ಮಂಡಿ ತರಚಿಕೊಂಡು ‘ಅಮ್ಮಾ’ ಎಂದು ಓಡಿ ಬಂದಾಗ, ‘ಟೀಚರ್ ಅನ್ನು’ ಎಂದು ತಿದ್ದಿದ ಮೇಲೆ ತಾನೇ ನಾನು ಮುಲಾಮು ಹಚ್ಚಿದ್ದು. ನನ್ನ ಮಗಳಿಗೆ ಹೆಚ್ಚು ಒಲವು ತೋರಿದೆ ಎಂದು ಯಾರೂ ಬೆರಳು ತೋರಿಸಬಾರದೆಂದು ಅವಳನ್ನೇ ಎಲ್ಲರಿಗಿಂತ ಹೆಚ್ಚು ಗದರಿಸಿದೆ. ನೀನು ನಿಯಮ ಮಾಡಿ, ಬಾಗಿಲು ಹಾಕಿಕೊಂಡು ಅದನ್ನು ಮುರಿದೆ. ನಿಯಮ ಮುರಿದವಳಿಗೆ ಬತ್ತಿ ಸಿಕ್ಕಿತು, ಪಾಲಿಸಿದವಳಿಗೆ ನೆರಿಗೆ ಸರಿಮಾಡಿಕೊಳ್ಳುವ ಭಾಗ್ಯ.

ನೀನು ಅವಳಿಗೆ ಓದು ಕಲಿಸಿದ್ದಕ್ಕೆ ನಾನು ಕೃತಜ್ಞಳಾಗಿರಬೇಕು. ಇದ್ದೇನೆ ಕೂಡ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ. ಮಧ್ಯಾಹ್ನದ ಹೊತ್ತಿಗೆ ಅದು ಕರಗಿ ಮತ್ತೆ ಹೊಟ್ಟೆ ಉರಿಯಲು ಶುರುವಾಗುತ್ತದೆ. ಸ್ಟಾಫ್ ರೂಮಿಗೆ ಹೋದರೆ ಎಲ್ಲರದೂ ಒಂದೇ ಮಾತು, ‘ಎಂಥ ಮಗು ನಿಮ್ಮದು, ದೊಡ್ಡಮ್ಮನ ಮೇಲೆ ಎಷ್ಟು ಪ್ರೀತಿ.’ ಹೌದು ಹೌದು ಎಂದು ನಕ್ಕು ನಕ್ಕು ದವಡೆ ನೋವು ಬಂದಿದೆ.

ಇರಲಿ. ಆ ಬತ್ತಿಯನ್ನು ಹೆಡ್ ಸಿಸ್ಟರ್ ಆರಿಸಿ, ಕಾಗದದಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟಿದ್ದಾರೆ, ನಿನಗೆ ತಲುಪಿಸಬೇಕಂತೆ. ಪಾರ್ಸೆಲ್ ಮಾಡಿ ಇದರ ಜೊತೆಗೇ ಕಳಿಸುತ್ತೇನೆ. ದಾರಿಯಲ್ಲಿ ಮುರಿದರೆ ನನ್ನನ್ನು ಅನುಮಾನಿಸಬೇಡ. ಬಿಸಿಲಿನಲ್ಲಿ ತಿರುಗಾಡಬೇಡ, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಹಿರಿಯಳು ನೀನು, ಆಶೀರ್ವಾದ ಮಾಡಬೇಕಾದವಳು ನೀನೇ. ಆದರೂ ಈ ಸಲ ನನ್ನದನ್ನೂ ಇಟ್ಟುಕೊ.

ನಿನ್ನ ತಂಗಿ,
ಮೆಣಸಿನಕಾಯಿ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಒಂದು ಮಾತು. ನಿನ್ನೆ ಪಾಪನಿವೇದನೆಗೆ ಹೋಗಿದ್ದೆ. ‘ಹೊಟ್ಟೆಕಿಚ್ಚು ಫಾದರ್’ ಎಂದೆ. ‘ಯಾರ ಮೇಲಮ್ಮ?’ ಎಂದರು. ‘ನಮ್ಮಕ್ಕನ ಮೇಲೆ’ ಎಂದೆ. ಅವರು ಹೇಳಿದ ಪ್ರಾರ್ಥನೆಯನ್ನೆಲ್ಲ ಮುಗಿಸಿ ಎದ್ದರೂ ಮನಸ್ಸು ಹಗುರವಾಗಲಿಲ್ಲ. ಮನೆಗೆ ನಡೆಯುವಾಗ ತಿಳಿಯಿತು, ತಪ್ಪು ಹೆಸರು ಹೇಳಿ ಬಂದಿದ್ದೇನೆ ಎಂದು. ನನ್ನ ಹೊಟ್ಟೆಕಿಚ್ಚು ನಿನ್ನ ಮೇಲಲ್ಲ, ಗಿಣಿಯ ಮೇಲೆ.

ಅವಳು ಹೇಳಿದ್ದರಲ್ಲಿ ಒಂದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅವಳು ಓದುತ್ತಿದ್ದಾಗ ನೀನು ಹಿಂದೆ ಕೂತು ಅವಳ ಜಡೆ ಬಿಚ್ಚಿ ಮತ್ತೆ ಹೆಣೆಯುತ್ತಿದ್ದೆಯಂತೆ. ಅಮ್ಮ ತೀರಿಕೊಂಡ ಮೇಲೆ ನನ್ನ ಜಡೆ ಹಾಕುತ್ತಿದ್ದವಳು ನೀನು. ನೀನು ಕಾನ್ವೆಂಟಿಗೆ ಹೊರಟಾಗ ನನಗೆ ಈಗಿನ ಗಿಣಿಯ ವಯಸ್ಸು. ‘ಅಕ್ಕನ್ನ ದೇವರು ಕರೆದಿದ್ದಾನೆ, ಅಳಬಾರದು’ ಎಂದರು ಅಪ್ಪ. ನಾನು ಅಳಲಿಲ್ಲ. ಮರುದಿನ ಅಪ್ಪ ನನ್ನನ್ನು ಕ್ಷೌರದಂಗಡಿಗೆ ಕರೆದುಕೊಂಡು ಹೋಗಿ ಕೂದಲು ಗಿಡ್ಡ ಮಾಡಿಸಿದರು, ಜಡೆ ಹಾಕಲು ಅವರಿಗೆ ಬರುತ್ತಿರಲಿಲ್ಲ. ಆಮೇಲೆ ನೀನು ಊರ ಮಕ್ಕಳಿಗೆಲ್ಲ ಸಿಕ್ಕೆ. ನಿನ್ನ ಹತ್ತಿರ ಇರಬಹುದೆಂದೇ ನಾನು ಈ ಶಾಲೆಗೆ ಟೀಚರಾಗಿ ಸೇರಿದ್ದು, ಇಲ್ಲಿ ನೀನು ನನಗೂ ಸಿಸ್ಟರ್ ಆದೆ. ಈಗ ತಿಂಗಳಿಗೊಂದು ಪತ್ರ ಗಿಣಿಯ ಹೆಸರಿಗೆ ಬರುತ್ತದೆ. ಕೊನೆಯಲ್ಲಿ ‘ಅಮ್ಮನನ್ನು ಕೇಳಿದೆ ಎಂದು ಹೇಳು’ ಎಂದಿರುತ್ತದೆ, ಅವಳು ಬಂದು ಹೇಳುತ್ತಾಳೆ.

ನನ್ನ ಹೆಸರಿಗೆ ಒಂದು ಪತ್ರ ಬರೆ ಅಕ್ಕ. ಅದರಲ್ಲಿ ಗಿಣಿಯನ್ನೂ ಕೇಳಬೇಡ, ಶಾಲೆಯನ್ನೂ ಕೇಳಬೇಡ.