ಪಂಕ್ತಿಗೆ ಬಡಿಸಿದ ಮಾತ್ರೆ

ಉಪ್ಪಾರಹಳ್ಳಿ, ತುಮಕೂರು
19-8-2025, ಮಂಗಳವಾರ

ದೀಪಿಕಾಳ ಅಪ್ಪನಿಗೆ ಗಂಗಾಂಬಿಕೆಯ ಶರಣು.

ಬಳ್ಳಾರಿಯ ಬಿಸಿಲಲ್ಲಿ ಬೈಕಿನ ಮೇಲೆ ಡಾಕ್ಟರುಗಳ ಬಾಗಿಲು ಸುತ್ತಿ ಸುತ್ತಿ ನಿಮ್ಮ ಸೊಂಟನೋವು ಜಾಸ್ತಿಯಾಗಿಲ್ಲ ತಾನೇ? ಹೊತ್ತಿಗೆ ಸರಿಯಾಗಿ ಊಟ ಮಾಡಿ. ನಾನೂ ದೀಪಿಕಾಳೂ ಚೆನ್ನಾಗಿದ್ದೇವೆ. ನಿಮ್ಮ ತಾಯಿಯ ವಿಷಯ ಮಾತ್ರ ಕೇಳಬೇಡಿ, ನಾನೇ ಹೇಳುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಅವರು ಪಕ್ಕದಲ್ಲೇ ಕೂತಿರುತ್ತಾರೆ.

ಡಾಕ್ಟರರಿಗೆ ಕೊಟ್ಟು ಉಳಿದ ಸ್ಯಾಂಪಲ್ ಮಾತ್ರೆಗಳನ್ನು ಬಡವರಿಗಾಗಲಿ ಎಂದು ನೀವು ಡಬ್ಬ ತುಂಬಾ ಕಳಿಸುತ್ತೀರಿ. ಇಲ್ಲಿ ಅತ್ತೆಯವರು ಅದನ್ನು ದಾಸೋಹ ಮಾಡಿಕೊಂಡಿದ್ದಾರೆ! ಸೋಮವಾರ ಪೂಜೆ ಮುಗಿಯುತ್ತಲೇ ಜಗಲಿಯ ಮೇಲೆ ಎಲ್ಲರನ್ನೂ ಸಾಲಾಗಿ ಕೂರಿಸುತ್ತಾರೆ, ಎಲೆ ಹಾಕುವುದೊಂದೇ ಬಾಕಿ. ಡಾಕ್ಟರ ಚೀಟಿ ನೋಡಿಯೇ ಕೊಡುತ್ತಾರೆ, ಅಷ್ಟು ಬುದ್ಧಿ ಇದೆ. ಆದರೆ ಒಬ್ಬೊಬ್ಬರಿಗೆ ನಾಲ್ಕೇ ಮಾತ್ರೆ. ಇಬ್ಬರಿಗೇ ಆದರೂ ತಿಂಗಳಿಗಾಗುವಷ್ಟು ಕೊಡಿ ಎಂದರೆ, "ಸುಮ್ಕಿರೇ, ಪಂಕ್ತೀಲಿ ಭೇದ ಮಾಡ್ಬಾರ್ದು ಕಣೇ" ಅಂತ ನನಗೇ ಬೈಗುಳ. ನನ್ನ ಕರ್ಮ! ಪಾಯಸವಾದರೆ ಒಂದು ಸೌಟು ಸಾಕು, ಶುಗರಿಗೆ ನಾಲ್ಕು ದಿನದ ಮಾತ್ರೆ ಸಾಕೇ?

ಕೋರ ಎಂಬ ಹಳ್ಳಿಯಿಂದ ಅಡವಿಯಪ್ಪ ಎಂಬ ತರಕಾರಿ ಮಾರುವ ಅಜ್ಜ ಬಸ್ಸು ಹತ್ತಿ ಬರುತ್ತಿದ್ದ. ಪುಕ್ಕಟೆ ಸಿಗುತ್ತದೆಂದು ಅಂಗಡಿಯಲ್ಲಿ ಕೊಳ್ಳುವುದನ್ನೇ ಬಿಟ್ಟ. ನಾಲ್ಕು ದಿನ ನುಂಗುವುದು, ಮೂರು ದಿನ ಸೋಮವಾರವನ್ನು ಕಾಯುವುದು. ಹೋದ ವಾರ ನಮ್ಮ ಜಗಲಿಯ ಮೇಲೆಯೇ ತಲೆ ತಿರುಗಿ ಬಿದ್ದ. ಆಟೋ ಮಾಡಿ ಆಸ್ಪತ್ರೆಗೆ ಕರೆದೊಯ್ದವಳು ನಾನು. ಶುಗರ್ ನಾನೂರು ದಾಟಿತ್ತು. ಎಚ್ಚರಾದ ಮೇಲೆ ಅವನು ಹೇಳಿದ್ದೇನು ಗೊತ್ತೇ? "ಅವ್ವಾರ ಕೈಗುಣ ದೊಡ್ದು ಕಣವ್ವಾ, ಮಾತ್ರೆನೇ ಸಾಲ್ದು." ನಗಬೇಕೋ ಅಳಬೇಕೋ! ಈಗ ಅವನಿಗೆ ಜನೌಷಧಿ ಅಂಗಡಿ ತೋರಿಸಿದ್ದೇನೆ. ಅದೇ ಔಷಧಿ, ನಿಮ್ಮ ಕಂಪನಿಯ ಬೆಲೆಯ ಕಾಲು ಭಾಗವೂ ಇಲ್ಲ. ಇದು ನಿಮಗೆ ಮೊದಲೇ ಗೊತ್ತಿತ್ತೇ ಎಂದು ಕೇಳಿ ಜಗಳ ತೆಗೆಯುವುದಿಲ್ಲ.

ಡಬ್ಬವನ್ನು ಈ ಪತ್ರದ ಜೊತೆಗೇ ಬಸ್ ಪಾರ್ಸಲ್‌ನಲ್ಲಿ ವಾಪಸ್ ಕಳಿಸುತ್ತಿದ್ದೇನೆ. ಕೋಪ ಬಂದರೆ ಬರಲಿ. ಬಿಸಿಲಿಗೆ ಮಜ್ಜಿಗೆ ಕುಡಿಯಿರಿ, ಮೈ ಕಡೆ ನಿಗಾ ಇರಲಿ.

ಇಂತಿ, ಸಾಕು ಸಾಕಾಗಿರುವ ನಿಮ್ಮ
ಗಂಗಾಂಬಿಕೆ

ಮತ್ತೆ: ಪಾರ್ಸಲ್ ಕಟ್ಟುವಾಗ ಅತ್ತೆಯವರ ಸ್ವಂತ ಬಿಪಿ ಮಾತ್ರೆಯ ಡಬ್ಬಿ ತೆರೆದೆ. ಖಾಲಿ! ಅದನ್ನೂ ಹಂಚಿದ್ದಾರೆ. ಕೇಳಿದರೆ, "ಬಡಿಸೋಳು ಮೊದ್ಲು ಉಣ್ತಾಳೇನೇ?" ಅಂದರು. ಪಕ್ಕದ ಬೀದಿಯ ನರ್ಸನ್ನು ಕರೆಸಿ ನೋಡಿಸಿದರೆ ಬಿಪಿ ನೂರಾ ತೊಂಬತ್ತು. ಹೊಸದು ತಂದುಕೊಟ್ಟರೂ ಬಾಯಿಗೆ ಹಾಕುತ್ತಿಲ್ಲ, ಸಾಲಿನಲ್ಲಿ ಇನ್ನೂ ಮೂವರಿದ್ದಾರಂತೆ. ಫೋನ್ ಮಾಡಬೇಡಿ, "ನುಂಗಿದೀನಿ ಬುಡಪ್ಪ" ಅಂತಾರೆ. ಇದು ಕೈಗೆ ಸಿಕ್ಕ ಕೂಡಲೇ ಹೊರಟು ಬನ್ನಿ. ಅವರನ್ನು ಕೂರಿಸಿ ನೀವೇ ಬಡಿಸಿ.