ಆದೆಮ್ಮ ನೀರು ಹೊಡೆದ ಗೋಡೆ

ಅರಕೇರಾ, ತಾ. ದೇವದುರ್ಗ
ಶುಕ್ರವಾರ, ೧೯ ಸೆಪ್ಟೆಂಬರ್ ೨೦೨೫

ಪ್ರೀತಿಯ ಮಗನೇ, ಅಂಬರೀಶಾ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತಾ? ಹೋದ ತಿಂಗಳು ರಾಯಚೂರು ಜೈಲಿನ ಜಾಲರಿಯಾಚೆ ನಿನ್ನನ್ನು ನೋಡಿದಾಗ ಕೆನ್ನೆ ಒಳಗೆ ಹೋಗಿತ್ತು. ಬರಿ ನೆಲದ ಮೇಲೆ ಮಲಗಬೇಡ, ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸಿಕೋ. ಹೊಟ್ಟೆ ತುಂಬ ಊಟ ಕೊಡುತ್ತಾರೋ ಇಲ್ಲವೋ ಎಂದು ನಿಮ್ಮವ್ವ ರೊಟ್ಟಿ ಬಡಿಯುವಾಗಲೆಲ್ಲ ಕೇಳುತ್ತಿದ್ದಳು. ನನ್ನನ್ನು ಕೇಳಿದರೆ ನನಗೇನು ಗೊತ್ತು? ಅವಳ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಮೊನ್ನೆಯವರೆಗೆ ಚೆನ್ನಾಗಿ ನಡೆಯುತ್ತಿತ್ತು. ನನ್ನ ದಮ್ಮು ಈ ಮಳೆಗೆ ಸ್ವಲ್ಪ ಹೆಚ್ಚಾಗಿದೆ. ಅದಕ್ಕಾಗಿ ನೀನು ಚಿಂತೆ ಮಾಡಬೇಡ. ನನ್ನ ದಮ್ಮಿನ ಚಿಂತೆ ನೀನು ಬೇಕಾದಷ್ಟು ಮಾಡಿದ್ದೀಯ.

ಅಪ್ಪ ಇದ್ದಕ್ಕಿದ್ದಂತೆ ಕಾಗದ ಬರೆಯುತ್ತಿದ್ದಾನಲ್ಲ ಎಂದು ನಿನಗೆ ನಗು ಬರಬಹುದು. ಏಳನೇ ಇಯತ್ತೆ ಓದಿದ, ಗೋಡೆ ಕಟ್ಟುವ ಗೌಂಡಿ ನಾನು. ನಲವತ್ತು ವರ್ಷ ಕರಣಿ ಹಿಡಿದ ಕೈಗೆ ಪೆನ್ನು ನಿಲ್ಲುತ್ತಿಲ್ಲ, ಸಾಲುಗಳೆಲ್ಲ ಸೊಟ್ಟಗಾಗುತ್ತಿವೆ. ಆದರೆ ಜಾಲರಿಯ ಮುಂದೆ ನಿಂತಾಗ ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ. ಎರಡು ಸಲ ಬಂದೆ, ಎರಡು ಸಲವೂ ಊಟ ಆಯಿತಾ ಎಂದು ಕೇಳಿ ಹೊರಟುಬಂದೆ. ಈ ಕಾಗದವನ್ನು ನಿನಗಿಂತ ಮೊದಲು ಅಲ್ಲಿಯ ಸಾಹೇಬರು ಓದುತ್ತಾರಂತೆ. ಓದಲಿ. ಇಪ್ಪತ್ತಾರನೇ ತಾರೀಖು ಜಡ್ಜ್ ಮುಂದೆ ತಪ್ಪು ನಿನ್ನದೇ ಎಂದು ನೀನು ಒಪ್ಪಿಕೊಳ್ಳುತ್ತೀಯೆಂದು ನಿನ್ನ ವಕೀಲರು ಮೊನ್ನೆ ಫೋನಿನಲ್ಲಿ ಹೇಳಿದರು. ಅವತ್ತಿನಿಂದ ನನಗೆ ನಿದ್ದೆಯಿಲ್ಲ.

ಮೊದಲು ಊರಿನ ಸುದ್ದಿ ಹೇಳುತ್ತೇನೆ. ಆದೆಮ್ಮನ ಮಗಳು ದುರ್ಗಾ ಬ್ಲಾಕಿನ ಗೋಡೆ ಕಟ್ಟುವುದನ್ನು ಕಲಿಯುತ್ತಿದ್ದಾಳೆ. ಕಲಿಸುತ್ತಿರುವವನು ನಾನು. ಬೆಚ್ಚಿಬೀಳಬೇಡ, ಪೂರ್ತಿ ಓದು. ಮೇ ತಿಂಗಳಲ್ಲಿ ಆ ಗೋಡೆ ಬಿದ್ದು ಆದೆಮ್ಮ ಸತ್ತಮೇಲೆ ಮನೆ ಅರ್ಧಕ್ಕೇ ನಿಂತಿತ್ತು. ದುರ್ಗಾ ಬಾಗಲವಾಡದ ಚಿಕ್ಕವ್ವನ ಮನೆಯಲ್ಲಿ ಎರಡು ತಿಂಗಳು ಇದ್ದು ನೋಡಿದಳು, ಆಮೇಲೆ ವಾಪಸ್ ಬಂದು ಆ ಅರ್ಧ ಗೋಡೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಳು. ಗಬ್ಬೂರಿಗೆ ಹೋದಳು, ಮಾನ್ವಿಗೂ ಹೋದಳು, ಒಬ್ಬ ಗೌಂಡಿಯೂ ಬರಲಿಲ್ಲ. ನಮ್ಮವರ ಕಟ್ಟಳೆ ನಿನಗೆ ಗೊತ್ತಲ್ಲ, ಜೀವ ತೆಗೆದುಕೊಂಡ ಗೋಡೆಗೆ ಇನ್ನೊಬ್ಬ ಗೌಂಡಿ ಕರಣಿ ಹಚ್ಚುವುದಿಲ್ಲ. ಜುಲೈನಲ್ಲಿ ಒಂದು ದಿನ ನಮ್ಮ ಬಾಗಿಲಿಗೆ ಬಂದು ನಿಂತಳು. 'ಯಜ್ಜಾ, ಯಾರೂ ಬರವಲ್ಲರು. ನನಗ ಕಲಸ್ರಿ, ನಾನ ಕಟ್ಟತೀನಿ' ಎಂದಳು. ನಿಮ್ಮವ್ವ ಒಳಗೆ ಬಾಯಿಗೆ ಸೆರಗು ಹಿಡಿದುಕೊಂಡಳು. ಯಾವ ಮುಖ ಇಟ್ಟುಕೊಂಡು ಆಗುವುದಿಲ್ಲ ಎನ್ನಲಿ? ಮರುದಿನವೇ ಹೋದೆ.

ಮೊದಲ ದಿನ ಅವಳು ಬ್ಲಾಕುಗಳನ್ನೆಲ್ಲ ನೀರಿನ ತೊಟ್ಟಿಗೆ ಹಾಕಲು ಹೊರಟಿದ್ದಳು. ಇಟ್ಟಿಗೆ ಕೆಲಸ ನೋಡಿ ಬೆಳೆದವಳು, ಅವಳ ತಪ್ಪಲ್ಲ. ಇಟ್ಟಿಗೆಗೆ ನೀರು ಕುಡಿಸಬೇಕು, ಸಿಮೆಂಟ್ ಬ್ಲಾಕಿಗೆ ಕುಡಿಸಬಾರದು, ಆಮೇಲೆ ಒಣಗಿ ಕುಗ್ಗಿ ಗೋಡೆ ಬಿರಿಯುತ್ತದೆ ಎಂದು ದೊಡ್ಡ ಗತ್ತಿನಲ್ಲಿ ಹೇಳಿದೆ. ನನಗೆ ಅದನ್ನು ಹೇಳಿಕೊಟ್ಟವನು ನೀನು ಎಂಬುದನ್ನು ಮಾತ್ರ ಹೇಳಲಿಲ್ಲ. ಮೊದಲ ಸಾಲನ್ನು ಬರಿದೇ ಜೋಡಿಸಿ ನೋಡುವುದು, ಮೂಲೆಯ ಬ್ಲಾಕುಗಳನ್ನು ಮೊದಲು ಕೂರಿಸುವುದು, ಮೂಲೆಯಿಂದ ಮೂಲೆಗೆ ದಾರ ಕಟ್ಟುವುದು, ಸಿಮೆಂಟು ಮರಳು ಕಲಸಿದ ಮಾಲನ್ನು ಕರಣಿಯಿಂದ ಹಾಸಿ, ಎರಡೂ ತುದಿಗೆ ಸಂದು ಸಮವಾಗಿರಿಸುವ ಸ್ಪೇಸರ್ ತುಂಡು ಇಟ್ಟು, ಮೇಲಿನ ಬ್ಲಾಕನ್ನು ನೇರವಾಗಿ ಇಳಿಸುವುದು, ಒಮ್ಮೆ ಕೂತಮೇಲೆ ಅಲುಗಾಡಿಸದಿರುವುದು, ಎಲ್ಲವನ್ನೂ ಹೇಳಿಕೊಟ್ಟೆ. ಆ ಕೆಂಪು ಪ್ಲಾಸ್ಟಿಕ್ ತುಂಡುಗಳನ್ನು ನೀನು ರಾಯಚೂರಿನ ಜಿಲಾನಿ ಪಾಷಾ ಅವರ ಅಂಗಡಿಯಿಂದ ಮೊದಲ ಸಲ ತಂದಾಗ ನಾನು ಎಷ್ಟು ನಕ್ಕಿದ್ದೆ! ಗೌಂಡಿಗೆ ಹೆಬ್ಬೆರಳಿಲ್ಲವೇ, ಸಂದು ಅಳೆಯಲು ಮಕ್ಕಳ ಆಟಿಕೆ ಬೇಕೇ ಎಂದು ನಾಲ್ಕು ಜನರ ಮುಂದೆ ನಿನ್ನನ್ನು ಹಂಗಿಸಿದ್ದೆ. ನೀನು ಸಿಟ್ಟಾಗಲಿಲ್ಲ. 'ಯಪ್ಪಾ, ಹಸಿ ಮಾಲು ಮ್ಯಾಲಿನ ಭಾರಕ್ಕ ಕುಸೀತದ. ಇದು ಇದ್ರ ಕುಸಿಯಂಗಿಲ್ಲ, ಹೊಸಬರು ಕಟ್ಟಿದ್ರೂ ಸಾಲು ಸೊಟ್ಟ ಆಗಂಗಿಲ್ಲ' ಎಂದೆ. ನಿಜವಪ್ಪಾ. ದುರ್ಗಾಳ ಮೂರನೇ ಸಾಲಿಗೆ ರಸಮಟ್ಟ ಇಟ್ಟು ನೋಡಿದರೆ ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು. ನೀನು ಕಲಿಯುವಾಗ ಆ ಗುಳ್ಳೆಯನ್ನು ಎಲ್ಲೆಲ್ಲಿಗೆ ಓಡಿಸುತ್ತಿದ್ದೆ ಎಂಬುದು ನೆನಪಾಗಿ ನಕ್ಕೆ, ಆಮೇಲೆ ನಕ್ಕಿದ್ದಕ್ಕೆ ನಾಚಿಕೆಯಾಯಿತು.

ಸ್ಪೇಸರುಗಳನ್ನು ಅವಳೇ ತಂದಿದ್ದಳು, ಒಂದು ಹಾಲಿನ ಪುಡಿಯ ಡಬ್ಬಿಯಲ್ಲಿ. ಆ ದಿನ ಅವ್ವನ ಹೆಣ ಎತ್ತಿದ ಮೇಲೆ ಒಡೆದ ಬಳೆ ಆರಿಸುತ್ತ ಕೂತಿದ್ದಳಂತೆ, ಬಳೆ ಚೂರಿನ ಜೊತೆ ಇವನ್ನೂ ಆರಿಸಿ ಇಟ್ಟಿದ್ದಳಂತೆ. ಯಾಕೆ ಇಟ್ಟೆ ಎಂದು ಅವಳಿಗೇ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಉಳಿದಿದ್ದವು ಮತ್ತು ಅವಳ ಡಬ್ಬಿಯವು, ಎರಡನ್ನೂ ಸೇರಿಸಿ ಕೆಲಸ ಶುರು ಮಾಡಿದೆವು. ಮಾಲು ಬಿಗಿದ ಮೇಲೆ, ಮರುದಿನ, ಸ್ಪೇಸರ್ ಕೀಳಬೇಕು, ಕಿತ್ತ ತೂತಿಗೆ ಮಾಲು ತುಂಬಬೇಕು. ಎರಡು ವಾರ ಅವಳೇ ಕೀಳುತ್ತಿದ್ದಳು. ಪ್ರತಿ ತುಂಡಿಗೂ ಸಿಮೆಂಟು ಕಚ್ಚಿಕೊಂಡಿರುತ್ತದೆ, ಮೊಳೆಯಿಂದ ಕೆರೆದರೂ ಪೂರ್ತಿ ಹೋಗುವುದಿಲ್ಲ. ಒಂದು ಮಧ್ಯಾಹ್ನ ಡಬ್ಬಿಯ ತಳದಲ್ಲಿ ಇನ್ನೂ ಬಳಸದೆ ಉಳಿದವನ್ನು ಅಂಗೈಮೇಲೆ ಹಾಕಿಕೊಂಡು ತಿರುಗಿಸಿ ನೋಡಿದಳು. 'ಯಜ್ಜಾ, ಇವು ಬಿದ್ದ ಗೋಡಿವು. ಒಂದು ತುದಿಗಷ್ಟ ಸಿಮೆಂಟ್ ಅದ, ಉಳದಿದ್ದು ಸ್ವಚ್ಛ ಅದ. ಮಾಲಿನಾಗ ಇದ್ದದ್ದು ಹಿಂಗ ಹ್ಯಾಂಗ ಇರತದ?' ಎಂದು ಕೇಳಿದಳು. ಯಾರೋ ತೊಳೆದಿರಬೇಕು ಎಂದೆ. 'ಆರಿಸಿದಾಕಿ ನಾನ. ನಾನು ತೊಳದಿಲ್ಲ' ಎಂದಳು. ನನಗೆ ದಮ್ಮು ಬಂದಂತೆ ಮಾಡಿ ಎದ್ದು ಮನೆಗೆ ಬಂದೆ. ಮೂರು ದಿನ ಆ ಕಡೆ ಹೋಗಲಿಲ್ಲ. ನೋಡು, ಅವಳ ಕೈಗೆ ಕೆಲಸ ಕೊಟ್ಟವನು ನಾನು, ಆ ಕೆಲಸವೇ ಅವಳ ಬಾಯಿಂದ ನನ್ನನ್ನು ಕೇಳಿತು.

ಈಗ ನಿನಗೆ ಗೊತ್ತಿರುವುದನ್ನೇ ಬರೆಯುತ್ತೇನೆ, ಓದುವ ಸಾಹೇಬರಿಗೂ ತಿಳಿಯಲಿ. ಮೇ ತಿಂಗಳ ಆ ವಾರ, ಮಂಗಳವಾರದವರೆಗೆ ನಾವಿಬ್ಬರೂ ಸೇರಿ ಆದೆಮ್ಮನ ಮನೆಯ ಮುಂದಿನ ಗೋಡೆಯನ್ನು ಆರು ಸಾಲು ಕಟ್ಟಿದ್ದೆವು. ಬುಧವಾರ ನೀನು ಕಬ್ಬಿಣದ ಸರಳು ತರಲು ರಾಯಚೂರಿಗೆ ಹೊರಟೆ. 'ಯಪ್ಪಾ, ಸಿಮೆಂಟ್ ತೀರ್ಯಾದ, ನಾ ಬರೋತನ ಗೋಡಿ ಮುಟ್ಟಬ್ಯಾಡ. ಫೋಟೋ ಹೋದ್ರ ಹೋಗಲಿ' ಎಂದು ಬಸ್ಸಿನ ಬಾಗಿಲಲ್ಲಿ ನಿಂತು ಹೇಳಿದೆ. ಗೋಡೆ ಬಾಗಿಲ ಎತ್ತರಕ್ಕೆ ಬಂದಿರುವ ಫೋಟೋ ಹೋದರೆ ಮಾತ್ರ ಸರ್ಕಾರದಿಂದ ಮನೆಯ ಹಣದ ಮುಂದಿನ ಕಂತು. ಫೋಟೋದವರು ಬರುವುದು ಗುರುವಾರ, ತಪ್ಪಿದರೆ ಮತ್ತೆ ಒಂದು ತಿಂಗಳು, ಅಷ್ಟರಲ್ಲಿ ಮಳೆ. ಆದೆಮ್ಮ ಕೂಲಿಗೆ ಹೋಗಿದ್ದಳು, ಅವಳು ನನ್ನನ್ನು ಒತ್ತಾಯ ಮಾಡಲಿಲ್ಲ, ಅವಳ ಮೇಲೆ ಹಾಕಲಾರೆ. ನಾನೇ ದೊಡ್ಡ ಜಾಣನಾದೆ. ಮೇಲಿನ ನಾಲ್ಕು ಸಾಲನ್ನು ಮಾಲಿಲ್ಲದೆ, ನಿನ್ನ ಸ್ಪೇಸರುಗಳ ಮೇಲೆ ಬರಿದೇ ಪೇರಿಸಿದೆ. ಸಂದು ಸಮವಾಗಿ ಬಂತು. ಉಳಿದಿದ್ದ ಎರಡು ಬುಟ್ಟಿ ಸಿಮೆಂಟನ್ನು ಹೊರಗಿನಿಂದ ಸಂದಿಗೆ ಮೆತ್ತಿದೆ. ದೂರದಿಂದ ನೋಡಿದರೆ ಅಚ್ಚುಕಟ್ಟಾದ ಗೋಡೆ. ಒಂದು ದಿನದ ಮಾತು, ಫೋಟೋ ಆದಮೇಲೆ ಇಳಿಸಿ ಸರಿಯಾಗಿ ಕಟ್ಟಿದರಾಯಿತು ಎಂದುಕೊಂಡೆ. ನಲವತ್ತು ವರ್ಷದ ಗೌಂಡಿಯ ಸೊಕ್ಕು ಅದು.

ಗುರುವಾರ ಹತ್ತು ಗಂಟೆಗೆ ಫೋಟೋ ತೆಗೆದರು. ಆದೆಮ್ಮ ಹೊಸ ಸೀರೆ ಉಟ್ಟು, ತಲೆಮೇಲೆ ಸೆರಗು ಹೊದ್ದು ಗೋಡೆಯ ಮುಂದೆ ನಿಂತಿದ್ದಳು. ಅವರಿನ್ನೂ ಅಲ್ಲೇ ಇದ್ದಾಗ, 'ಯಣ್ಣಾ, ಗೋಡಿಗೆ ನೀರು ಯಾವಾಗ ಹೊಡೀಲಿ?' ಎಂದು ನನ್ನನ್ನು ಕೇಳಿದಳು. ಸಂದಿನ ಮಾಲು ಗಟ್ಟಿಯಾಗಲು ಹೊಸ ಗೋಡೆಗೆ ನೀರು ಹೊಡೆಯಬೇಕು ಎಂಬುದು ಯಾರಿಗೆ ಗೊತ್ತಿಲ್ಲ? ಈ ಗೋಡೆಗೆ ಬೇಡವ್ವ, ಇದರೊಳಗೆ ಸಿಮೆಂಟೇ ಇಲ್ಲ ಎಂದು ಫೋಟೋದವರ ಮುಂದೆ ಹೇಗೆ ಹೇಳಲಿ? 'ಮೂರು ಹೊತ್ತು ಹೊಡಿಯವ್ವ' ಎಂದೆ. ಅವರು ಹೋದಮೇಲೆ ಅವಳನ್ನು ಕರೆದು ಹೇಳಬೇಕಿತ್ತು. ಹಸಿವಾಗಿತ್ತು, ಉಂಡು ಬಂದು ಇಳಿಸುತ್ತೇನೆ ಎಂದುಕೊಂಡು ಮನೆಗೆ ಬಂದೆ, ಉಂಡು ಅಡ್ಡಾದೆ. ಎರಡು ಗಂಟೆಗೆ ಅವಳು ಡ್ರಮ್ಮಿನ ಮೇಲೆ ಹತ್ತಿ, ಮೇಲಿನ ಸಾಲಿಗೆ ನೀರು ಎರಚಲು ಒಂದು ಕೈಯಿಂದ ಗೋಡೆ ಹಿಡಿದಳು. ಒಂದೊಂದು ಬ್ಲಾಕು ಹದಿನೆಂಟು ಕೆಜಿ. ಅವಳು ಸತ್ತದ್ದು ನನ್ನ ಮಾತು ಕೇಳಿದ್ದಕ್ಕೆ.

ಸಂಜೆ ಬಸ್ಸಿಳಿದು ಓಡಿ ಬಂದ ನೀನು ಬಿದ್ದ ಬ್ಲಾಕೊಂದನ್ನು ತಿರುವಿ ನೋಡಿದೆ. ಅದರ ಮೈಗೆ ಮಾಲಿನ ಗುರುತೇ ಇರಲಿಲ್ಲ. ನನ್ನ ಕಡೆ ಒಂದು ಸಲ ನೋಡಿದೆ, ಅಷ್ಟೇ. ಪೊಲೀಸರು ಯಾರು ಕಟ್ಟಿದ್ದು ಎಂದು ಕೇಳಿದಾಗ ನಾನು ಬಾಯಿ ತೆರೆಯುವುದರೊಳಗೆ, 'ನಾನ್ರೀ. ಮಾಲಿನಾಗ ಸಿಮೆಂಟ್ ಕಡಿಮಿ ಹಾಕಿದ್ದೆ' ಎಂದುಬಿಟ್ಟೆ. ಜೀಪು ಹತ್ತುವಾಗ ನನ್ನ ಕಿವಿಯಲ್ಲಿ, 'ನಿನಗ ದಮ್ಮು ಅದ ಯಪ್ಪಾ, ಒಳಗ ಒಂದು ವಾರ ತಡಿಯಂಗಿಲ್ಲ, ಸುಮ್ಮನಿರು' ಎಂದೆ. ನಾನು ಬಾಯಿ ತೆರೆಯುತ್ತಿದ್ದೆನೋ ಇಲ್ಲವೋ ಎಂದು ನಾಲ್ಕು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಸುಮ್ಮನಿರು ಅಂದೆ, ಸುಮ್ಮನಿದ್ದೆ. ನಿನ್ನ ಜಾಮೀನಿಗೆ ಊರಲ್ಲಿ ಒಬ್ಬರೂ ನಿಲ್ಲಲಿಲ್ಲ, ಆಗಲೂ ಸುಮ್ಮನಿದ್ದೆ. ಬಾವಿಕಟ್ಟೆಯಲ್ಲಿ ಹೆಂಗಸರು ನಿನ್ನನ್ನು ಕೊಲೆಗಾರ ಎಂದಾಗ ನಿಮ್ಮವ್ವ ಖಾಲಿ ಕೊಡ ಹೊತ್ತು ವಾಪಸ್ ಬಂದಳು, ಆಗಲೂ ಸುಮ್ಮನೆ ರೊಟ್ಟಿ ಮುರಿದೆ. ನನ್ನಂಥ ಹೇಡಿ ನಿನ್ನಂಥವನನ್ನು ಹೇಗೆ ಹೆತ್ತನೋ.

ನಾಲ್ಕನೇ ದಿನ ಹೋಗಿ ದುರ್ಗಾಗೆ ಎಲ್ಲ ಹೇಳಿದೆ. ಹೊಡೆಯುತ್ತಾಳೆ, ಊರು ಸೇರಿಸುತ್ತಾಳೆ ಎಂದುಕೊಂಡಿದ್ದೆ. ಕೈಯಲ್ಲಿದ್ದ ಕರಣಿಯನ್ನು ಬುಟ್ಟಿಯಲ್ಲಿಟ್ಟು ನೆಲದ ಮೇಲೆ ಕೂತಳು. 'ನೀರು ಹೊಡಿಬ್ಯಾಡ ಅಂತ ನಮ್ಮವ್ವಗ ಒಂದ ಮಾತು ಹೇಳಿದ್ರ ಸಾಕಿತ್ತಲ್ರೀ' ಎಂದಳು. ಹೌದವ್ವ ಎಂದೆ. ಆಮೇಲೆ ಎದ್ದು ಕಣ್ಣೊರೆಸಿಕೊಂಡು, 'ಬ್ಯಾರೆ ಗೌಂಡಿ ಯಾರೂ ಬರಂಗಿಲ್ಲ. ಮೊದಲು ಗೋಡಿ ಮುಗಸ್ರಿ. ಆಮ್ಯಾಲ ಎಲ್ಲಿ ಹೋಗಬೇಕು ನಿಮಗ ಗೊತ್ತದ' ಎಂದಳು. ಅವತ್ತಿನಿಂದ ನನ್ನನ್ನು ಯಜ್ಜಾ ಎಂದು ಕರೆದಿಲ್ಲ. ದಿನವೂ ಹೋದೆ. ಬ್ಲಾಕು ಕೂರಿಸಿದ ಮೇಲೆ ಪ್ರತಿಯೊಂದನ್ನೂ ಕೈಯಿಂದ ಒತ್ತಿ, ಸಂದಿಯಲ್ಲಿ ಮಾಲು ಉಕ್ಕಿ ಬಂತೋ ಇಲ್ಲವೋ ನೋಡಿ ಮುಂದಕ್ಕೆ ಹೋಗುತ್ತಿದ್ದಳು. ನಾನು ಇಟ್ಟ ಬ್ಲಾಕನ್ನೂ ಹಾಗೇ ನೋಡುತ್ತಿದ್ದಳು. ನಿನ್ನೆ ಕೊನೆಯ ಸಾಲು ಮುಗಿಯಿತು. ಗೋಡೆ ಗಟ್ಟಿಯಾಗಿದೆ, ನಾನು ನನ್ನ ಜನ್ಮದಲ್ಲಿ ಕಟ್ಟಿದ ಗೋಡೆಗಳಲ್ಲಿ ಇಷ್ಟು ಗಟ್ಟಿ ಇನ್ನೊಂದಿಲ್ಲ.

ಮೊನ್ನೆ ನಿಮ್ಮವ್ವನಿಗೂ ಹೇಳಿದೆ. ಅನ್ನ ಬಡಿಸುತ್ತಾಳೆ, ಮಾತು ಬಿಟ್ಟಿದ್ದಾಳೆ. ಆದರೆ ಈ ಕಾಗದ ಬರೆಯಲು ಕೂತಾಗ ದೀಪದ ಸ್ವಿಚ್ಚು ಹಾಕಿ ಹೋದಳು. ನಿನಗೆ ಅವಳ ಆಶೀರ್ವಾದ ತಿಳಿಸುತ್ತೇನೆ, ಅವಳು ಹೇಳಿಲ್ಲ, ನಾನೇ ಬರೆಯುತ್ತಿದ್ದೇನೆ. ನಿನಗೆ ಒಳ್ಳೆಯದಾಗಲಿ ಮಗನೇ, ನಿನ್ನ ಕೈ ಯಾವತ್ತೂ ನಡುಗದಿರಲಿ, ನೀನು ಕಟ್ಟಿದ ಮನೆಗಳಲ್ಲಿ ಜನ ನೂರು ವರ್ಷ ಬಾಳಲಿ.

ಇಂತಿ ನಿನ್ನ ಅಪ್ಪ,
ಮಲ್ಲಯ್ಯ

ತಾ.ಕ.: ಅಂಚೆಯವನು ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ದೇವದುರ್ಗದ ಠಾಣೆಗೆ ಹೋಗುತ್ತೇನೆ. ಆ ಸ್ವಚ್ಛ ತುಂಡುಗಳ ಡಬ್ಬಿ ಹಿಡಿದು ದುರ್ಗಾ ಜೊತೆಗೆ ಬರುತ್ತಾಳೆ. ಪೊಲೀಸರು ನಿನ್ನನ್ನು ಕೇಳಲು ಬಂದೇ ಬರುತ್ತಾರೆ. ಆಗ ಅಪ್ಪನಿಗೆ ಅರಳುಮರಳು, ಮಗನ ಮೇಲಿನ ಮಮತೆಗೆ ಸುಳ್ಳು ಹೇಳುತ್ತಿದ್ದಾನೆ ಎನ್ನಬೇಡ. ನೀನು ಹಾಗೆಂದರೆ ಎಲ್ಲರೂ ನಿನ್ನ ಮಾತನ್ನೇ ನಂಬುತ್ತಾರೆ, ನನಗೆ ಮತ್ತೆ ಸುಮ್ಮನಿರುವ ಆಸೆಯಾಗುತ್ತದೆ. ನನ್ನನ್ನು ನಾನು ಬಲ್ಲೆ. ದಮ್ಮಿನ ಮಾತ್ರೆ ಎರಡು ತಿಂಗಳಿಗಾಗುವಷ್ಟು ಕಟ್ಟಿಕೊಂಡಿದ್ದೇನೆ. ನಾನು ಒಳಗೆ ಬರುವ ಹೊತ್ತಿಗೆ ನೀನು ಅಲ್ಲಿರಬಾರದು.